ಓದುಗರ ಪ್ರಶ್ನೆ: ಇಂಗ್ಲಿಷ್ ಎಂ.ಎ. ಮಾಡಿದವಳಿಗೆ ವಿಜ್ಞಾನ ಪಾಠದಲ್ಲಿ ಏನು ಕೆಲಸ?

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಗಳು ಶಂಕರಘಟ್ಟದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದ್ದಾಳೆ. ಈಗ ಪಿಎಚ್‌ಡಿ ಮಾಡ್ತೀನಿ ಅಂತಾಳೆ. ವಿಷಯ ವಸಾಹತೋತ್ತರ ಸಾಹಿತ್ಯ (ಪರರ ಆಳ್ವಿಕೆ ಕಂಡ ದೇಶಗಳ ಸಾಹಿತ್ಯ) ಮತ್ತು ವಿಜ್ಞಾನ ಶಿಕ್ಷಣವಂತೆ. ಕಾದಂಬರಿಗೂ ಶಾಲೆಯ ವಿಜ್ಞಾನ ಪಾಠಕ್ಕೂ ಏನು ಸಂಬಂಧ? ಬ್ರಿಟಿಷರು ಹೋಗಿ ಇಷ್ಟು ವರ್ಷ ಆಯ್ತು, ಇನ್ನೂ ಅದನ್ನೇ ಓದಬೇಕಾ?

ಉತ್ತರ: ಸಂಬಂಧ ಇದೆ. ಅದೂ ನಿಮ್ಮ ತೋಟದಲ್ಲೇ ಇದೆ.

ಮೊದಲು ಕಾದಂಬರಿ ವಿಷಯ ಹೇಳಿಬಿಡುತ್ತೇನೆ. ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡರು, 1902ರಲ್ಲಿ ನೊಬೆಲ್ ಬಂತು. ಆ ಸೊಳ್ಳೆಗಳಿಂದ ಕಚ್ಚಿಸಿಕೊಂಡವನು ಹುಸೇನ್ ಖಾನ್ ಎಂಬ ರೋಗಿ, ಸೊಳ್ಳೆಗೆ ಒಂದಾಣೆ ಲೆಕ್ಕದಲ್ಲಿ. ಪಾಠದಲ್ಲಿ ರಾಸ್ ಇರುತ್ತಾರೆ, ಹುಸೇನ್ ಖಾನ್ ಇರುವುದಿಲ್ಲ. ಅಮಿತಾವ್ ಘೋಷ್ 1995ರಲ್ಲಿ ಬರೆದ 'ದಿ ಕಲ್ಕತ್ತಾ ಕ್ರೋಮೋಸೋಮ್' ಕಾದಂಬರಿ ಈ ಸಂಶೋಧನೆಯ ಹಿಂದೆ ಹೆಸರಿಲ್ಲದ ಭಾರತೀಯರನ್ನು ಕಲ್ಪಿಸಿಕೊಳ್ಳುತ್ತದೆ. ಅದು ಕಲ್ಪನೆ, ಚರಿತ್ರೆ ಅಲ್ಲ. ಆದರೆ ಅದನ್ನು ಓದಿದವರು ಮತ್ತೆ ವಿಜ್ಞಾನ ಪುಸ್ತಕ ತೆರೆದಾಗ "ಇಲ್ಲಿ ಯಾರ ಹೆಸರು ಬಿಟ್ಟುಹೋಗಿದೆ?" ಅಂತ ಕೇಳದೆ ಇರಲಾರರು. ಆಳುವವರು ಹೋದ ಮೇಲೂ ಯಾರ ತಿಳಿವಳಿಕೆ ದೊಡ್ಡದು ಅನ್ನುವ ಲೆಕ್ಕ ನಮ್ಮ ತಲೆಯಲ್ಲಿ ಹಾಗೇ ಉಳಿದಿರುತ್ತದಲ್ಲ, ನಿಮ್ಮ ಮಗಳು ಹುಡುಕಲು ಹೊರಟಿರುವುದು ಅದನ್ನೇ.

ಈಗ ತೋಟಕ್ಕೆ ಬನ್ನಿ. ಮಳೆಗಾಲ ಶುರುವಾದರೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಭಯ. ಹಿಂದೆ ಅಡಿಕೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು, ಮಳೆ ನೀರು ಕಾಯಿಗೆ ತಾಗಬಾರದು ಅಂತ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗಕ್ಕೆ ಕಾರಣವಾದ, ಶಿಲೀಂಧ್ರದಂಥ ಸೂಕ್ಷ್ಮಜೀವಿಯನ್ನು ಗುರುತಿಸಿ, 1910ರಲ್ಲಿ ವರದಿ ಬರೆದು, ಬೋರ್ಡೋ ದ್ರಾವಣ ಹೊಡೆಯುವುದನ್ನು ಹೇಳಿಕೊಟ್ಟರು. ವರದಿಯ ಹೆಸರಿನಲ್ಲೂ 'ಕೊಳೆರೋಗ' ಅನ್ನುವ ನಮ್ಮ ಮಾತೇ ಇದೆ. ಆ ಬೋರ್ಡೋ ಹುಟ್ಟಿದ್ದು ಹೇಗೆ ಗೊತ್ತಾ? ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ರೈತರು ದಾರಿ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಂದಿರಲಿಲ್ಲ. ಮಿಲಾರ್ಡೆ ಎಂಬ ಪ್ರೊಫೆಸರ್ ಅದನ್ನು ಗಮನಿಸಿ, ಪರೀಕ್ಷೆ ಮಾಡಿ, 1885ರಲ್ಲಿ ಪ್ರಕಟಿಸಿದರು. ಅಂದರೆ ಅದೂ ರೈತರ ಬುದ್ಧಿಯೇ, ಅದನ್ನು ಪರೀಕ್ಷಿಸಿ ನೋಡುವವರು ಒಬ್ಬರು ಸಿಕ್ಕಿದರು ಅಷ್ಟೇ. ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ, ನನಗೆ ಬೇಜಾರಾಗುವುದು ಅಲ್ಲೇ.

ನೌಕರಿ ಬಗ್ಗೆ ನೀವು ಬರೆದಿಲ್ಲ, ಆದರೂ ಮನಸ್ಸಲ್ಲಿ ಇದ್ದೇ ಇರುತ್ತದೆ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ಕೆ-ಸೆಟ್ ಜೊತೆಗೇ ಬರೆಯಲಿ. ಸಂಶೋಧನೆ ಬಿಡಿಸಬೇಡಿ.

ಪ್ರಶ್ನೆ: ನಾನು ಸಾಗರದ ಹತ್ತಿರ ಹೈಸ್ಕೂಲ್ ವಿಜ್ಞಾನ ಶಿಕ್ಷಕ. ಊರಿನ ತಿಳಿವಳಿಕೆಯನ್ನು ತರಗತಿಗೆ ತನ್ನಿ ಅಂತಾರೆ. ಹಾಗಾದರೆ ಹಿರಿಯರು ಹೇಳಿದ್ದೆಲ್ಲ ವಿಜ್ಞಾನವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲವೂ ಅಲ್ಲ ಸರ್, ಹಾಗೆ ಹೇಳಿದರೆ ಮಕ್ಕಳಿಗೆ ಮೋಸ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನಕ್ಕೂ ಜ್ವರ ಬಂತು. ಎರಡಕ್ಕೂ ನಂಟಿದೆ ಅಂತ ಊರವರಿಗೆ ಗೊತ್ತಾಯಿತು, ಮಂಗನ ಕಾಯಿಲೆ ಅಂದರು. ಆದರೆ ಅದು ವೈರಸ್, ಉಣುಗಿನಿಂದ ಹರಡುತ್ತದೆ ಅನ್ನುವುದು ಪ್ರಯೋಗಾಲಯದಿಂದಲೇ ತಿಳಿಯಬೇಕಾಯಿತು. ಎರಡನ್ನೂ ಹೇಳಿ.

ಶುರು ಮಾಡಲು ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಹತ್ತನೇ ತರಗತಿಯಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಡುವ ಪ್ರಯೋಗ ಇದೆಯಲ್ಲ, ಮೊಳೆ ಕಂದುಗೆಂಪಾಗುತ್ತದೆ, ನೀಲಿ ಬಣ್ಣ ಕಡಿಮೆಯಾಗುತ್ತದೆ. ನಾನು ಅದನ್ನು ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದವಳು. ಅದೇ ಹೊತ್ತಿಗೆ ಮನೆಯಲ್ಲಿ ಅಪ್ಪಯ್ಯ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕಿ ಬೋರ್ಡೋ ಕದಡಿ, ಕತ್ತಿಯ ತುದಿ ಅದರಲ್ಲಿ ಅದ್ದಿ ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದರು. ಕತ್ತಿ ಮೇಲೆ ಕೆಂಪು ಕೂತರೆ "ಇನ್ನೊಂಚೂರು ಸುಣ್ಣ ಹಾಕು" ಅನ್ನುತ್ತಿದ್ದರು. ಮೈಲುತುತ್ತ ಅಂದರೆ ಅದೇ ತಾಮ್ರದ ಸಲ್ಫೇಟ್. ಕತ್ತಿ ಅಂದರೆ ಅದೇ ಕಬ್ಬಿಣ. ಎರಡೂ ಒಂದೇ ಅಂತ ನನಗೆ ಹೊಳೆಯಲು ಇಪ್ಪತ್ತು ವರ್ಷ ಬೇಕಾಯಿತು. ಶಾಲೆಯಲ್ಲಿ ಮಾಡಿದ್ದು ವಿಜ್ಞಾನ, ಅಪ್ಪಯ್ಯ ಮಾಡಿದ್ದು ಸುಮ್ನೆ ಕೆಲಸ ಅಂತ ನಾನು ಅಂದುಕೊಂಡಿದ್ದೆ.

ಈ ಜೂನ್‌ನಲ್ಲಿ ಆ ಪಾಠ ಮಾಡುವಾಗ ಮರ ಹತ್ತಿ ಅಡಿಕೆ ಕೊಯ್ಯುವ ಒಬ್ಬ ಕೊನೆಗಾರರನ್ನು ತರಗತಿಗೆ ಕರೆಯಿರಿ, ಕತ್ತಿ ಅದ್ದುವುದು ಯಾಕೆ ಅಂತ ಅವರೇ ಹೇಳಲಿ. ಆಮೇಲೆ ನೀವು ಸಮೀಕರಣ ಬರೆಯಿರಿ. ಮೈಲುತುತ್ತ ವಿಷ, ಮಕ್ಕಳ ಬರಿಗೈಗೆ ಕೊಡಬೇಡಿ. ದ್ರಾವಣಕ್ಕೆ ಪ್ಲಾಸ್ಟಿಕ್ ಬಕೆಟ್ಟೇ ಇರಲಿ, ಕಬ್ಬಿಣದ್ದು ಬೇಡ. ಯಾಕೆ ಬೇಡ ಅಂತ ಹಿಂದಿನ ಬೆಂಚಿನವರನ್ನು ಕೇಳಿ.