ಭಾನುವಾರ ಪೂರ್ತಿ ಖಾಲಿ ಇದೆ ಅಕ್ಕ, ಏನ್ ಮಾಡ್ಲಿ?

ಪ್ರಶ್ನೆ: ಅಕ್ಕ, ನಾನು ವಿಜಯನಗರದವಳು, ಆರ್ಕಿಟೆಕ್ಚರ್ ಮೂರನೇ ವರ್ಷ. ಜೂನ್‌ನಲ್ಲಿ ಕಾಲೇಜಿಂದ ಹನ್ನೆರಡು ದಿನ ಬರ್ಲಿನ್‌ಗೆ ಸ್ಟಡಿ ಟ್ರಿಪ್ ಇದೆ. ದಿನಾ ಬೆಳಗ್ಗೆ ಎಂಟರಿಂದ ಸೈಟ್ ವಿಸಿಟ್ಟು, ಲೆಕ್ಚರ್ರು, ಮ್ಯೂಸಿಯಂ ಅಂತ ಶೆಡ್ಯೂಲ್ ಫುಲ್ಲು, ಮಧ್ಯದಲ್ಲಿ ಒಂದು ಭಾನುವಾರ ಮಾತ್ರ ಫ್ರೀ ಬಿಟ್ಟಿದ್ದಾರೆ. ಫ್ರೆಂಡ್ಸೆಲ್ಲ ಬೆಳಗ್ಗೆನೇ ಟ್ರೈನ್ ಹತ್ತಿ ಪ್ರಾಗ್ ನೋಡ್ಕೊಂಡು ರಾತ್ರಿ ಬಂದುಬಿಡೋಣ ಅಂತಿದ್ದಾರೆ. ನಂಗೋ ಸುಮ್ನೆ ಎಲ್ಲಾದ್ರೂ ಕೂರ್ಬೇಕು ಅನ್ಸುತ್ತೆ. ಅಪ್ಪ ಕೇಳಿದ್ರೆ 'ಇಷ್ಟು ದುಡ್ಡು ಕಟ್ಟಿ ಅಲ್ಲಿಗೆ ಹೋಗಿ ಕೂರೋದಾ, ಕೂರಕ್ಕೆ ಇಲ್ಲಿ ಕಬ್ಬನ್ ಪಾರ್ಕ್ ಇಲ್ವಾ' ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ನಿನ್ನ ಮಾತೇ ಕೇಳು ಪುಟ್ಟಿ. ಬರ್ಲಿನ್‌ನಿಂದ ಪ್ರಾಗ್‌ಗೆ ಟ್ರೈನಲ್ಲಿ ಹೋಗ್ತಾ ನಾಲ್ಕು ಗಂಟೆ ಮೇಲೆ, ಬರ್ತಾನೂ ಅಷ್ಟೇ, ಮಧ್ಯ ಉಳಿಯೋ ಟೈಮಲ್ಲಿ ಒಂದು ಸೇತುವೆ, ಒಂದು ಗಡಿಯಾರ, ಎರಡರ ಮುಂದೆನೂ ಸೆಲ್ಫಿ. ಬೆಂಗಳೂರಿಂದ ಹೊರಟು ಹಂಪಿ ನೋಡ್ಕೊಂಡು ಅವತ್ತೇ ರಾತ್ರಿ ಮನೆಗೆ ಬಂದಂಗೆ ಹೆಚ್ಚುಕಮ್ಮಿ. ಸೋಮವಾರ ಬೆಳಗ್ಗೆ ಲೆಕ್ಚರಲ್ಲಿ ಯಾರ್ ಯಾರು ತೂಕಡಿಸ್ತಾರೆ ಅಂತ ಈಗ್ಲೇ ಹೇಳ್ಬಹುದು.

ಆದ್ರೆ ಸುಮ್ನೆ ಕೂರಕ್ಕೂ ಶನಿವಾರನೇ ತಯಾರಿ ಬೇಕು. ಜರ್ಮನಿಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ, ನಮ್ಮಲ್ಲಿ ಅರ್ಧ ಶಟರ್ ಎಳ್ಕೊಂಡು ವ್ಯಾಪಾರ ಮಾಡ್ತಾರಲ್ಲ ಆ ಥರ ಅಲ್ಲ, ಸೂಪರ್‌ಮಾರ್ಕೆಟ್ಟೇ ಬೀಗ. ನಾನು ಸ್ಟೂಡೆಂಟಾಗಿದ್ದಾಗ ಇದು ಗೊತ್ತಿಲ್ದೆ ಶನಿವಾರ ಸಂಜೆ 'ಸುಸ್ತು, ನಾಳೆ ತಂದ್ರಾಯ್ತು' ಅಂತ ಮಲ್ಕೊಂಡೆ. ಭಾನುವಾರ ನಾನು, ನನ್ನ ರೂಮ್‌ಮೇಟು ಹಾಸ್ಟೆಲ್ ಕೆಟಲ್‌ನಲ್ಲಿ ನೀರು ಕಾಯಿಸಿ, ಅಮ್ಮ ಬಲವಂತವಾಗಿ ತುರುಕಿದ್ದ ಗಟ್ಟಿ ಅವಲಕ್ಕಿನ ಟೀ ಲೋಟದಲ್ಲಿ ನೆನೆಸಿ, ಚಟ್ನಿಪುಡಿ ಉದುರಿಸಿ, ಸ್ಪೂನ್ ಇಲ್ದೆ ಟೂತ್‌ಬ್ರಷ್ ಹಿಂಭಾಗದಲ್ಲಿ ಕಲಸಿ ತಿಂದ್ವಿ. ಪುದೀನ ಅವಲಕ್ಕಿ! ಆದ್ರಿಂದ ಬ್ರೆಡ್ಡು, ಮೊಸರು, ಹಣ್ಣು ಶನಿವಾರನೇ ತಂದಿಡು. ಮರೆತ್ರೆ ಹಾಪ್ಟ್‌ಬಾನ್‌ಹಾಫ್ ಅಂತ ಮೇನ್ ರೈಲ್ವೆ ಸ್ಟೇಷನ್ ಒಳಗಿರೋ ಸೂಪರ್‌ಮಾರ್ಕೆಟ್ ಭಾನುವಾರನೂ ತೆಗೆದಿರುತ್ತೆ, ಆದ್ರೆ ಊರಲ್ಲಿ ಮರೆತವರೆಲ್ಲ ಅಲ್ಲೇ ಬಂದಿರ್ತಾರೆ, ಕ್ಯೂ ನೋಡಿದ್ರೆ ಹಬ್ಬದ ಹಿಂದಿನ ದಿನದ ಕೆ.ಆರ್. ಮಾರ್ಕೆಟ್ ನೆನಪಾಗುತ್ತೆ. ಹೋಟೆಲ್‌ಗಳು ಇರುತ್ತೆ ಬಿಡು, ಟರ್ಕಿಯವರ ಅಂಗಡಿಲಿ ಫಲಾಫೆಲ್ ಅಂತ ಕಡಲೆ ರುಬ್ಬಿ ಕರಿದಿರೋದು ಸಿಗುತ್ತೆ, ನಮ್ಮ ಮಸಾಲೆ ವಡೆಗೆ ದಾಯಾದಿ, ವೆಜ್ಜು.

ಇನ್ನು ಎಲ್ಲಿ ಕೂರೋದು. ಟೆಂಪಲ್‌ಹೋಫರ್ ಫೆಲ್ಡ್‌ಗೆ ಹೋಗು. ಯು8 ಮೆಟ್ರೋ ಲೈನಲ್ಲಿ ಬೊಡ್ಡಿನ್‌ಸ್ಟ್ರಾಸೆ ಸ್ಟೇಷನ್ನಲ್ಲಿ ಇಳಿದು ಸ್ವಲ್ಪ ನಡೆದ್ರೆ ಬೀದಿ ಕೊನೆಲಿ ಮನೆಗಳೆಲ್ಲ ಮುಗಿದು ಇದ್ದಕ್ಕಿದ್ದಂಗೆ ಬರೀ ಆಕಾಶ. ಅದು ಹಳೇ ಏರ್‌ಪೋರ್ಟು. ನಮ್ಮ ಎಚ್‌ಎಎಲ್ ಏರ್‌ಪೋರ್ಟಿಂದ ಪ್ಯಾಸೆಂಜರ್ ವಿಮಾನಗಳು ದೇವನಹಳ್ಳಿಗೆ ಹೋಗಿದ್ದು 2008ರ ಮೇನಲ್ಲಿ ಅಲ್ವಾ, ಅದೇ ವರ್ಷ ಅಕ್ಟೋಬರಲ್ಲಿ ಇದನ್ನೂ ಮುಚ್ಚಿದ್ರು. 2010ರಲ್ಲಿ ಗೇಟ್ ತೆಗೆದು ಜನರಿಗೆ ಬಿಟ್ರು. ಸುಮಾರು 300 ಹೆಕ್ಟೇರು, ಅಂದ್ರೆ ಮೂರು ಲಾಲ್‌ಬಾಗ್ ಹಾಕಿದ್ರೂ ಇನ್ನೂ ಜಾಗ ಉಳಿಯುತ್ತೆ. ಊರ ಮಧ್ಯ ಅಷ್ಟು ಜಾಗ ಸಿಕ್ರೆ ಯಾರ್ ಬಿಡ್ತಾರೆ, ಅಂಚಲ್ಲಿ ಮನೆ ಕಟ್ತೀವಿ ಅಂತ ಸರ್ಕಾರ ಹೊರಟಿತು, 2014ರಲ್ಲಿ ಜನ ವೋಟ್ ಹಾಕಿ ಬೇಡ ಅಂದ್ರು. (ನಮ್ಮಲ್ಲಿ ಇಂಥಾ ವೋಟ್ ನಡೆದ್ರೆ ಏನಾಗ್ಬಹುದು ಅಂತ ಯೋಚ್ನೆ ಮಾಡ್ತಾ ಕೂತ್ರೆ ಭಾನುವಾರ ಕಳೆದುಹೋಗುತ್ತೆ.)

ರನ್‌ವೇ ಹಾಗೇ ಇದೆ, ಬಿಳಿ ಪಟ್ಟೆಗಳ ಸಮೇತ. ಅದ್ರ ಮೇಲೆ ಮಕ್ಕಳು ಸೈಕಲ್ ಕಲೀತಿರ್ತಾರೆ, ಸ್ಕೇಟ್‌ಬೋರ್ಡಿಗೆ ದೊಡ್ಡ ಗಾಳಿಪಟ ಕಟ್ಕೊಂಡು ಹುಡುಗ್ರು ಸುಯ್ ಅಂತ ಹೋಗ್ತಾರೆ, ಗಾಳಿ ಎಷ್ಟು ಅಂದ್ರೆ ಹಾಸಿದ ಶಾಲಿನ ನಾಲ್ಕು ಮೂಲೆಗೂ ಶೂಸ್ ಇಡ್ಬೇಕು, ಒಬ್ರದ್ದು ಸಾಲಲ್ಲ, ಅದಕ್ಕೇ ಒಬ್ಬ ಫ್ರೆಂಡನ್ನಾದ್ರೂ ಕರ್ಕೊಂಡು ಹೋಗು. ಹುಲ್ಲಲ್ಲಿ ಕೆಲವು ಕಡೆ ಬೇಲಿ ಹಾಕಿರ್ತಾರೆ, ದಾಟ್ಬೇಡ, ಸ್ಕೈಲಾರ್ಕ್ ಹಕ್ಕಿ ನೆಲದ ಮೇಲೇ ಗೂಡು ಕಟ್ಟೋದು.

ಅಪ್ಪಂಗೆ ಉತ್ತರ ಬೇಕಲ್ವಾ? ಕೂತಲ್ಲಿಂದ ಎದುರಿಗೆ ಕಾಣೋ ಆ ಉದ್ದದ ಬಿಲ್ಲಿನಂಥ ಟರ್ಮಿನಲ್ ಒಂದು ಕಿಲೋಮೀಟರಿಗೂ ಉದ್ದ, ನಾಜಿ ಕಾಲದ್ದು, ಅರ್ನ್ಸ್ಟ್ ಝಾಗೆಬೀಲ್ ಅನ್ನೋ ಆರ್ಕಿಟೆಕ್ಟ್ ಕಟ್ಟಿಸಿದ್ದು. ಯುದ್ಧ ಮುಗಿದು 1948ರಲ್ಲಿ ಸೋವಿಯತ್‌ನವರು ಪಶ್ಚಿಮ ಬರ್ಲಿನ್‌ಗೆ ರಸ್ತೆ, ರೈಲು ಎಲ್ಲ ಬಂದ್ ಮಾಡಿದಾಗ ಊರಿಗೆ ಬೇಕಾದ ಹಿಟ್ಟು, ಕಲ್ಲಿದ್ದಲು ವಿಮಾನದಲ್ಲಿ ಬಂದು ಇಳಿದ ಜಾಗಗಳಲ್ಲಿ ಇದೂ ಒಂದು. ಗೇಲ್ ಹಾಲ್ವೋರ್ಸೆನ್ ಅನ್ನೋ ಅಮೆರಿಕದ ಪೈಲಟ್ ಕರ್ಚೀಫಲ್ಲಿ ಪುಟ್ಟ ಪ್ಯಾರಾಶೂಟ್ ಮಾಡಿ ಚಾಕೊಲೇಟ್ ಕಟ್ಟಿ ಬೇಲಿ ಹತ್ರ ನಿಂತ ಮಕ್ಕಳಿಗೆ ಉದುರಿಸ್ತಿದ್ದ. ಆ ವಿಮಾನಗಳಿಗೆ ಜರ್ಮನ್ನರು ಇಟ್ಟ ಹೆಸ್ರು ಒಣದ್ರಾಕ್ಷಿ ಬಾಂಬರ್ ಅಂತ! ಸ್ಕೆಚ್‌ಬುಕ್ ಇಟ್ಕೊಂಡಿರು, ಮನಸ್ಸಾದ್ರೆ ಬಿಡಿಸು, ಆಗ್ಲಿಲ್ವಾ ಅದನ್ನೇ ತಲೆ ಕೆಳಗಿಟ್ಕೊಂಡು ಮಲ್ಕೋ.

ಎರಡು ವಿಷ್ಯ ಮರೀಬೇಡ. ಅಲ್ಲಿ ಮೆಟ್ರೋಗೆ ನಮ್ಮ ಥರ ಗೇಟಿಲ್ಲ, ಸೀದಾ ಹೋಗಿ ಹತ್ಬಹುದು, ಹಂಗಂತ ಪುಕ್ಕಟೆ ಅಲ್ಲ. ಪೇಪರ್ ಟಿಕೆಟ್ ತಗೊಂಡ್ರೆ ಪ್ಲಾಟ್‌ಫಾರ್ಮಲ್ಲಿರೋ ಪುಟ್ಟ ಡಬ್ಬಿಯಲ್ಲಿ ತೂರಿಸಿ ಸ್ಟಾಂಪ್ ಹಾಕಿಸ್ಬೇಕು, ಇಲ್ಲಾಂದ್ರೆ ಮಾಮೂಲಿ ಬಟ್ಟೆಲಿ ಬರೋ ಚೆಕಿಂಗ್‌ನವರು 60 ಯೂರೋ ಫೈನ್ ಹಾಕ್ತಾರೆ, ಟೂರಿಸ್ಟು ಗೊತ್ತಿರ್ಲಿಲ್ಲ ಅಂದ್ರೂ ನಡಿಯಲ್ಲ. ಇನ್ನೊಂದು, ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಡೆಪಾಸಿಟ್ ಇರುತ್ತೆ, ಖಾಲಿ ಬಾಟಲ್ ಸೂಪರ್‌ಮಾರ್ಕೆಟ್ ಮಷೀನಿಗೆ ಹಾಕಿದ್ರೆ ಚೀಟಿ ಬರುತ್ತೆ, ಕೌಂಟರಲ್ಲಿ ಕೊಟ್ರೆ ದುಡ್ಡು ವಾಪಸ್. ವಾಪಸ್ ಮಾಡಕ್ಕೆ ಬೇಜಾರಾದ್ರೆ ಡಸ್ಟ್‌ಬಿನ್ ಒಳಗೆ ಎಸೀಬೇಡ, ಪಕ್ಕದಲ್ಲಿಡು, ಆಯೋರು ಬಂದು ತಗೊಂಡು ಹೋಗ್ತಾರೆ.

ಪ್ರಶ್ನೆ: ಮೇಡಂ, ನನ್ನ ಮಗನೂ ಕಾಲೇಜ್ ಕಡೆಯಿಂದ ಜರ್ಮನಿಗೆ ಹೋಗಿದ್ದಾನೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಫೋನ್ ಮಾಡಿದ್ರೆ ಎತ್ತಲ್ಲ. ರಾತ್ರಿ ಊಟ ಆಯ್ತಮ್ಮ ಅಂತ ಫೋಟೋ ಕಳಿಸ್ತಾನೆ, ನೋಡಿದ್ರೆ ಫೋಟೋದಲ್ಲಿ ಬೆಳಕೋ ಬೆಳಕು. ಸುಳ್ಳು ಹೇಳ್ತಿದ್ದಾನಾ? (ರಾಜಾಜಿನಗರದಿಂದ ಒಬ್ಬ ತಾಯಿ)

ಉತ್ತರ: ಇಲ್ಲಮ್ಮಾ, ಪಾಪ. ಬೇಸಿಗೆಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ನಿಮ್ಮ ಒಂಬತ್ತು ಗಂಟೆ ಅವನಿಗೆ ಬೆಳಗಿನ ಜಾವ ಐದೂವರೆ, ವಾರಕ್ಕೊಂದು ರಜ ಸಿಕ್ಕಿರೋ ಹುಡುಗ ಅಷ್ಟೊತ್ತಿಗೆ ಎದ್ದಿದ್ರೆನೇ ನೀವು ಗಾಬರಿ ಆಗ್ಬೇಕು. ಮಧ್ಯಾಹ್ನ ಊಟ ಮುಗಿಸಿ ಒಂದೂವರೆಗೆ ಮಾಡಿ, ಅವನಿಗಾಗ ಹತ್ತು ಗಂಟೆ. ಜೂನಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತೆ, ಫೋಟೋ ನಿಜಾನೇ. ಡಿಸೆಂಬರಲ್ಲಿ ಹೋಗಿದ್ರೆ ಸಂಜೆ ನಾಲ್ಕಕ್ಕೇ ಕತ್ತಲಾಗ್ತಿತ್ತು, ಆಗ ಅವನು ಟೀ ಕುಡಿಯೋ ಫೋಟೋ ಕಳಿಸಿದ್ರೆ ಇಷ್ಟೊತ್ತಲ್ಲಿ ಯಾಕೋ ಹೊರಗೆ ತಿರುಗ್ತೀಯ ಅಂತ ಬೈತಿದ್ರಿ.