ಗಪ್ಪಿಗಳ ಬಾಲ ಹರಿಯುತ್ತಿದೆ, ಏಕೆ?

ಪ್ರಶ್ನೆ: ನಮ್ಮ 60 ಲೀಟರ್ ಅಕ್ವೇರಿಯಮ್ಮಿನಲ್ಲಿ ಗಪ್ಪಿಗಳ ಜೊತೆಗೆ ಎರಡು ಟೈಗರ್ ಬಾರ್ಬ್, ಒಂದು ಗೋಲ್ಡ್‌ಫಿಶ್ ಇವೆ. ಗಪ್ಪಿಗಳ ಬಾಲ ಹರಿದಿದೆ. ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆದ ಮೇಲೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿವೆ. ಏನು ಮಾಡಬೇಕು?

ಉತ್ತರ: ಮೊದಲು ನೀರನ್ನು ಸರಿಪಡಿಸಿ, ಅದು ಇಂದೇ ಆಗಬೇಕಾದ ಕೆಲಸ. ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುತ್ತವೆ. ನಲ್ಲಿ ನೀರಿನ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ಮೂರನೇ ಒಂದು ಭಾಗ ನೀರನ್ನು ತೆಗೆದು, ಕ್ಲೋರಿನ್ ನಿವಾರಕ ಬೆರೆಸಿದ, ಅಷ್ಟೇ ಉಷ್ಣತೆಯ ನೀರನ್ನು ತುಂಬಿ, ಗಾಳಿಯ ಪಂಪನ್ನು ಬಿಡದೆ ನಡೆಸಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಆಹಾರವನ್ನು ತಗ್ಗಿಸಿ, ಹೀಗೆಯೇ ನೀರು ಬದಲಿಸುತ್ತಿರಿ. ಮುಂದೆ ಸ್ಪಂಜನ್ನು ಅಕ್ವೇರಿಯಮ್ಮಿನಿಂದ ಹೊರತೆಗೆದ ನೀರಿನಲ್ಲಷ್ಟೇ ಹಿಂಡಿ ತೊಳೆಯಿರಿ.

ಬಾಲ ಹರಿಯಲು ಬಹುಶಃ ಟೈಗರ್ ಬಾರ್ಬ್‌ಗಳೇ ಕಾರಣ. ಕನಿಷ್ಠ ಆರರ ಗುಂಪಿನಲ್ಲಿ ಬಾಳಬೇಕಾದ ಈ ಮೀನುಗಳು ಒಂದೆರಡೇ ಇದ್ದಾಗ, ಮೆಲ್ಲನೆ ಈಜುವ ಉದ್ದ ಬಾಲದ ಮೀನುಗಳನ್ನು ಕಚ್ಚುವುದು ಹೆಚ್ಚು. ಆದರೂ ರೆಕ್ಕೆಯ ಅಂಚನ್ನು ಹತ್ತಿರದಿಂದ ನೋಡಿ: ಅದು ಬಿಳಿಚಿಕೊಂಡು ದಿನದಿನಕ್ಕೆ ಸವೆಯುತ್ತಿದ್ದರೆ ಕೊಳೆರೋಗವೂ ಸೇರಿಕೊಂಡಿದೆ. ತಂಪು ನೀರು ಬಯಸುವ, ದೊಡ್ಡದಾಗಿ ಬೆಳೆದು ಹೆಚ್ಚು ತ್ಯಾಜ್ಯ ಬಿಡುವ ಗೋಲ್ಡ್‌ಫಿಶ್‌ಗೆ ಬೇರೆಯೇ ದೊಡ್ಡ ಅಕ್ವೇರಿಯಂ ಬೇಕು. ಅದನ್ನು ಇಲ್ಲಿ ಉಳಿಸಿಕೊಳ್ಳುವುದು ನನಗೆ ಸರಿಕಾಣದು. ಗಪ್ಪಿಗಳಿಗೆ ಪ್ಲಾಟಿ ಎಂಬ ಶಾಂತ ಸ್ವಭಾವದ ಸಣ್ಣ ಮೀನು ಒಳ್ಳೆಯ ಜೊತೆ.