ಅರ್ಚನಾ ಆಟ ಬಿಟ್ಟದ್ದು ತಪ್ಪಾ?

ಓದುಗರ ಪತ್ರ: ‘ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜರ್ಮನಿ ವಿರುದ್ಧ ಗೆದ್ದವಳು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಒಬ್ಬಳೇ. ಅಂಥವಳು 24ಕ್ಕೇ ಟೇಬಲ್ ಟೆನಿಸ್ ಬಿಟ್ಟು ಅಮೆರಿಕಕ್ಕೆ ಓದಲು ಹೋದಳು. ಅವಳಿಗಾಗಿ ಖರ್ಚಾದ ಹಣದ ಗತಿ ಏನು? ಅವಳ ಬದಲು ಐಹಿಕಾ ಮುಖರ್ಜಿಯನ್ನು ಆಡಿಸಿದ್ದರೆ ಪದಕವಾದರೂ ಬರುತ್ತಿತ್ತೇನೋ. ನೀವು ಇದೊಂದನ್ನೂ ಕೇಳದೆ ಹೊಗಳಿದ್ದೀರಿ.’ – ನಿವೃತ್ತ ದೈಹಿಕ ಶಿಕ್ಷಕರು, ಹಾಸನ

ಮೇಷ್ಟ್ರೇ, ನಮಸ್ಕಾರ.

ಐಹಿಕಾ ವಿಷಯ ಮೊದಲು ಮುಗಿಸೋಣ. ನಿಮ್ಮ ಮಾತಲ್ಲಿ ಹುರುಳಿದೆ. 2024ರ ಫೆಬ್ರವರಿಯಲ್ಲಿ ಬೂಸಾನ್‌ನ ವಿಶ್ವ ತಂಡ ಚಾಂಪಿಯನ್‌ಶಿಪ್‌ನಲ್ಲಿ ಆಕೆ ವಿಶ್ವದ ನಂಬರ್ ಒನ್, ಚೀನಾದ ಸುನ್ ಯಿಂಗ್‌ಶಾರನ್ನೇ ಸೋಲಿಸಿದ್ದರು. ಅಂಥವರು ಪ್ಯಾರಿಸ್‌ಗೆ ಬರೀ ಮೀಸಲು ಆಟಗಾರ್ತಿ ಆಗಿದ್ದು ನನಗೂ ಕಸಿವಿಸಿಯೇ. ಆದರೆ ಆಯ್ಕೆ ಮಾಡಿದವರ ಮೇಲಿನ ಸಿಟ್ಟನ್ನು ಆಡಿದವರ ಮೇಲೆ ತೀರಿಸೋದು ಸರಿಯಲ್ಲ, ಅಲ್ವಾ?

ಆಡಿದ್ದಾದರೂ ಹೇಗೆ ಅಂತ ನೋಡಿ. ಒಲಿಂಪಿಕ್ಸ್‌ನ ತಂಡ ಸ್ಪರ್ಧೆಗೆ ಭಾರತದ ಹೆಂಗಸರು ಅರ್ಹತೆ ಪಡೆದಿದ್ದೇ ಅದು ಮೊದಲ ಸಲ. ಮೊದಲ ಸುತ್ತಿನಲ್ಲೇ ಎದುರಿಗೆ ನಾಲ್ಕನೇ ಶ್ರೇಯಾಂಕದ ರೊಮೇನಿಯಾ. ಡಬಲ್ಸ್‌ನಲ್ಲಿ ಶ್ರೀಜಾ ಅಕುಲಾ ಜೊತೆ ಅರ್ಚನಾ 3–0 ಗೆದ್ದರು, ಮಣಿಕಾ ಬಾತ್ರಾ ಕೂಡ 3–0, ಆಮೇಲೆ ಎರಡು ಸಿಂಗಲ್ಸ್ ಕೈತಪ್ಪಿ 2–2 ಆಯಿತು, ಕೊನೆಗೆ ಮಣಿಕಾ ಮತ್ತೆ ಬಂದು ಒಂದು ಗೇಮೂ ಬಿಡದೆ ಮುಗಿಸಿದರು. ಆಗ ಟಿವಿ ಮುಂದೆ ಕೂತವರಿಗೆ ಅದರ ಮಜಾ ಗೊತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಗೆ 1–3ರಿಂದ ಸೋತೆವು. ಆ ಒಂದು ಪಂದ್ಯ ಗೆದ್ದಿದ್ದೇ ಅರ್ಚನಾ, ಅದೂ ರಿಯೋದಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದ ಶಾನ್ ಶಿಯಾವೊನಾ ಎದುರು. ನಮ್ಮ ಉಳಿದಿಬ್ಬರನ್ನೂ ಸೋಲಿಸಿದ್ದು 18 ವರ್ಷದ ಆನೆಟ್ ಕೌಫ್‌ಮನ್. ಗಾಯಗೊಂಡ ಆಟಗಾರ್ತಿಯ ಜಾಗಕ್ಕೆ ಬಂದ ಹುಡುಗಿ! ಜರ್ಮನಿಯ ಮೀಸಲು ಬೆಂಚಿನಲ್ಲೇ ಅಷ್ಟು ಕಸುವಿತ್ತು.

ಆ ಜರ್ಮನಿಗೂ ಪದಕ ಸಿಗಲಿಲ್ಲ, ಮೇಷ್ಟ್ರೇ. ಸೆಮಿಫೈನಲ್‌ನಲ್ಲಿ ಜಪಾನ್ ಹೊಡೆಯಿತು, ಕಂಚಿನ ಪಂದ್ಯದಲ್ಲಿ ದಕ್ಷಿಣ ಕೊರಿಯಾ. ‘ಪದಕವಾದರೂ ಬರುತ್ತಿತ್ತು’ ಅನ್ನುವಾಗ ಈ ಲೆಕ್ಕ ಮರೀಬೇಡಿ. 1988ರಿಂದ ಪ್ಯಾರಿಸ್‌ವರೆಗೆ ಒಲಿಂಪಿಕ್ಸ್ ಟಿಟಿಯಲ್ಲಿ ಕೊಟ್ಟ 42 ಚಿನ್ನದಲ್ಲಿ 37 ಚೀನಾದ್ದು. 2008ರಲ್ಲಿ ಬೀಜಿಂಗ್‌ನಲ್ಲಿ ಸಿಂಗಲ್ಸ್‌ನ ಆರಕ್ಕೆ ಆರೂ ಪದಕ ಅವರೇ ಬಾಚಿಕೊಂಡ ಮೇಲೆ, ಸಿಂಗಲ್ಸ್‌ಗೆ ದೇಶಕ್ಕೆ ಇಬ್ಬರೇ ಅಂತ ನಿಯಮ ಬಂತು. ಆದರೂ ಪ್ಯಾರಿಸ್‌ನಲ್ಲಿ ಐದೂ ಚಿನ್ನ ಅವರದ್ದೇ. ನಮ್ಮ ಶರತ್ ಕಮಲ್ ಐದು ಒಲಿಂಪಿಕ್ಸ್ ಆಡಿದರು, ಕಾಮನ್‌ವೆಲ್ತ್‌ನಲ್ಲಿ ಚಿನ್ನದ ಮೇಲೆ ಚಿನ್ನ ತಂದರು, ಏಷ್ಯನ್ ಗೇಮ್ಸ್‌ನಲ್ಲೂ ಕಂಚು ಗೆದ್ದರು, ಒಲಿಂಪಿಕ್ಸ್ ಪದಕ ಮಾತ್ರ ಒಂದೂ ಇಲ್ಲ. ಅವರು 42ರವರೆಗೂ ಒಲಿಂಪಿಕ್ಸ್ ಆಡಿದರು, ಅದು ಅವರ ಇಷ್ಟ. ಎಲ್ಲರೂ ಹಾಗೇ ಇರಬೇಕು ಅಂತ ನಾವು ಹೇಳೋಕಾಗಲ್ಲ.

ಅರ್ಚನಾ ತಮ್ಮ ಕೋಚ್ ಹತ್ತಿರ ನೇರವಾಗಿ ಕೇಳಿದರಂತೆ, ಮುಂದಿನ ಒಲಿಂಪಿಕ್ಸ್‌ನಲ್ಲಿ ಪದಕದ ಸಾಧ್ಯತೆ ಎಷ್ಟು ಅಂತ. ಕಷ್ಟ ಅಂದೆ ಅಂತ ಆ ಕೋಚ್ ಅಂಶುಲ್ ಗರ್ಗ್ ಅವರೇ ಪತ್ರಿಕೆಗೆ ಹೇಳಿದ್ದಾರೆ. ಸುಮ್ನೆ ಆಸೆ ಹುಟ್ಟಿಸಿ ಇನ್ನೂ ನಾಲ್ಕು ವರ್ಷ ಕೂರಿಸಿಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ನನ್ನ ಪ್ರಕಾರ ಈ ಕಥೆಯಲ್ಲಿ ಜಾಸ್ತಿ ಹೊಗಳಬೇಕಾದವರು ಅವರೇ. ಆಮೇಲೆ ಇನ್ನೊಂದು ಆಯಿತು: 2028ರ ಲಾಸ್ ಏಂಜಲೀಸ್‌ನಲ್ಲಿ ಹೆಂಗಸರ ತಂಡ ಸ್ಪರ್ಧೆಯೇ ಇಲ್ಲ, ಅದರ ಜಾಗಕ್ಕೆ ಮಿಶ್ರ ತಂಡ. ಅರ್ಚನಾ ಮಿಂಚಿದ ಆ ಸ್ಪರ್ಧೆಯೇ ಪಟ್ಟಿಯಿಂದ ಹೋಯಿತು.

ಹಣದ ಮಾತು. ತನಗೆ ಬೇಕಾದಷ್ಟು ಬೆಂಬಲ, ದುಡ್ಡಿನ ನೆರವೂ ಸಿಕ್ಕಿತ್ತು, ಓದಿನ ಮೇಲಿನ ಆಸೆಯಿಂದಷ್ಟೇ ಬಿಟ್ಟೆ ಅಂತ ಅವರೇ ಎಲ್ಲರೆದುರು ಹೇಳಿದ್ದಾರೆ. ಆ ಹಣ ಕೊಟ್ಟಿದ್ದು ಆಡಲಿಕ್ಕೆ. ಆಡಿದರು, ಗೆದ್ದರು. ಜೀವನಪೂರ್ತಿ ಆಡ್ತೀನಿ ಅಂತ ಬರೆದುಕೊಟ್ಟಿರಲಿಲ್ಲವಲ್ಲ! ನೀವೂ ಎಷ್ಟು ಮಕ್ಕಳನ್ನು ಮೈದಾನಕ್ಕೆ ಇಳಿಸಿದ್ದೀರೋ, ಅವರಲ್ಲಿ ಹತ್ತನೇ ಕ್ಲಾಸ್ ಬಂದ ಕೂಡಲೇ ಬಿಟ್ಟವರೇ ಜಾಸ್ತಿ ಇರ್ತಾರೆ. ಅರ್ಚನಾ ಒಲಿಂಪಿಕ್ಸ್ ಮುಗಿಸಿ ಬಿಟ್ಟರು.

ಐಹಿಕಾ ಬಗ್ಗೆ ಅಷ್ಟು ಕಾಳಜಿ ಇದ್ದರೆ ಈಗ ಬೇರೆ ಕೆಲಸ ಇದೆ. 2004ರ ನಂತರ ಒಲಿಂಪಿಕ್ಸ್‌ನಿಂದ ಕಾಣೆಯಾಗಿದ್ದ ಹೆಂಗಸರ ಡಬಲ್ಸ್ ಲಾಸ್ ಏಂಜಲೀಸ್‌ನಲ್ಲಿ ವಾಪಸ್ ಬರುತ್ತಿದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸುತೀರ್ಥಾ ಜೊತೆ ಸೇರಿ ಇದೇ ಐಹಿಕಾ ಚೀನಾದ ವಿಶ್ವ ಚಾಂಪಿಯನ್ ಜೋಡಿಯನ್ನು ಮಣಿಸಿ ಕಂಚು ತಂದಿದ್ದರು. ಡಬಲ್ಸ್‌ಗೆ ಈಗಿಂದಲೇ ಜೋಡಿಗಳನ್ನು ಬೆಳೆಸಿ ಅಂತ ಫೆಡರೇಷನ್‌ಗೆ ಒಂದು ಪತ್ರ ಬರೆಯಿರಿ. ನಮಗೂ ಒಂದು ಪ್ರತಿ ಕಳಿಸಿ, ಹಾಕ್ತೇವೆ.

– ಸಂಪಾದಕ